ಬೀಗರು ಕಾಣದ ಕಿಟಕಿ

ದೊಡ್ಡ ಕಂಪನಿಗಳಿಗೆ ಆಗಾಗ ಒಂದು ಕಾಯಿಲೆ ಬರುತ್ತದೆ. ಎಲ್ಲ ನೆಟ್ಟಗೆ ನಡೆಯುತ್ತಿರುವಾಗಲೇ ಬರುತ್ತದೆ. ಅದರ ಹೆಸರು ಹೊಸತನ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಹನಿ ನೀರಾವರಿ ಪೈಪು ಮಾಡುವ ಒಂದು ಕಂಪನಿಯಿದೆ. ಹೆಸರು ಹೇಳಿದರೆ ಅವರಿಗೂ ಮುಜುಗರ, ನನಗೂ ಮುಜುಗರ. ಸುಮ್ಮನೆ ಕಂಪನಿ ಅಂತಲೇ ಕರೆಯೋಣ. ಸಾವಿರಾರು ಜನ ದುಡಿಯುವ ಈ ಕಂಪನಿಗೆ ಹೋದ ವರ್ಷ ಆ ಕಾಯಿಲೆ ಜೋರಾಗಿಯೇ ಬಡಿಯಿತು. ಗೇಟಿನಿಂದ ಹಿಡಿದು ಕಕ್ಕಸಿನ ಬಾಗಿಲವರೆಗೆ ‘ಬನ್ನಿ, ಬದಲಾಗೋಣ’ ಅಂತ ಬೋರ್ಡು ಬಿತ್ತು. ಪ್ರತಿ ವಿಭಾಗವೂ ಒಂದು ಹೊಸ ಆಲೋಚನೆ ಕೊಡಲೇಬೇಕು ಅಂತ ಆಜ್ಞೆಯಾಯಿತು. ಜನ ಕೊಟ್ಟರು. ಸಲಹಾ ಪೆಟ್ಟಿಗೆ ತೆಗೆದು ನೋಡಿದರೆ ಮುಕ್ಕಾಲು ಪಾಲು ಚೀಟಿಗಳಲ್ಲಿ ಕ್ಯಾಂಟೀನಿನ ಉಪ್ಪಿಟ್ಟು ನಿಲ್ಲಿಸಬೇಕು ಅಂತ ಇತ್ತು. ಉಳಿದ ಚೀಟಿಗಳಲ್ಲಿ ಉಪ್ಪಿಟ್ಟು ಮಾಡುವವನನ್ನೇ ನಿಲ್ಲಿಸಬೇಕು ಅಂತ ಇತ್ತು.

ಇಂಥ ಕಂಪನಿಯ ಸ್ಟೋರ್ಸನ್ನು ನೋಡಿಕೊಳ್ಳುವವರು ನಮ್ಮ ಶಿವಸ್ವಾಮಿ. ಹೆಡತಲೆಯವರು, ನಂಜನಗೂಡಿನಲ್ಲೇ ಮನೆ ಮಾಡಿಕೊಂಡು ಹೆಂಡತಿ ಸಿದ್ದಲಿಂಗಮ್ಮ, ಮಗಳು ರಮ್ಯಳ ಜೊತೆ ನೆಮ್ಮದಿಯಾಗಿದ್ದವರು. ಬದಲಾವಣೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ಮದುವೆಯಲ್ಲಿ ಯಾವ ಕಡೆ ಬೈತಲೆ ತೆಗೆದಿದ್ದರೋ, ಕೂದಲು ಹೋದ ಮೇಲೂ ಬಾಚಣಿಗೆ ಅದೇ ದಾರಿಯಲ್ಲಿ ಓಡಾಡುತ್ತಿತ್ತು. ಬೋಲ್ಟು, ಬೇರಿಂಗು, ಗ್ರೀಸ್ ಡಬ್ಬ, ಕೈಗವಸು, ಕಂಪನಿಗೆ ಬೇಕಾದ್ದೆಲ್ಲ ಅವರ ಕೈಯಿಂದಲೇ ಹೋಗಬೇಕು. ಬೇಕಾದವರು ಚೀಟಿ ತಂದು ಉದ್ದನೆಯ ಮೇಜಿನ ಮುಂದೆ ನಿಲ್ಲುವರು. ಶಿವಸ್ವಾಮಿ ಚೀಟಿಯನ್ನೂ ಮುಖವನ್ನೂ ನೋಡಿ, ಹತ್ತು ಕೇಳಿದವರಿಗೆ ಎಂಟು ಕೊಟ್ಟು, ಎರಡು ಬೈಗುಳ ಸೇರಿಸಿ ಲೆಕ್ಕ ಸರಿ ಮಾಡುವರು. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಲೋಕದಲ್ಲಿ ಇರಲಾರದು ಅಂತ ಅವರ ನಂಬಿಕೆ.

ಅದು ಕೆಟ್ಟಿದ್ದು ರಮ್ಯಳ ನಿಶ್ಚಿತಾರ್ಥದಿಂದ. ಹುಡುಗ ನಟೇಶ, ತಿ. ನರಸೀಪುರದ ಕಡೆ ಹೈಸ್ಕೂಲ್ ಮೇಷ್ಟ್ರು. ಒಳ್ಳೆಯ ಹುಡುಗ, ರಮ್ಯ ಮೆಚ್ಚಿ ಒಪ್ಪಿದ್ದಳು. ಸಂಜೆಯಾದರೆ ಫೋನ್ ಹಿಡಿದು ಮಹಡಿ ಹತ್ತಿದವಳು ಊಟಕ್ಕೆ ಕೂಗಿದರೂ ಇಳಿಯುತ್ತಿರಲಿಲ್ಲ. ತೊಡಕು ಹುಡುಗನಲ್ಲಿರಲಿಲ್ಲ, ಹುಡುಗನ ಅಪ್ಪನಲ್ಲಿತ್ತು. ಆ ಅಪ್ಪ ಸೋಮಶೇಖರ್, ಇದೇ ಕಂಪನಿಯ ನರಸೀಪುರದ ಘಟಕದಲ್ಲಿ ಸೂಪರ್‌ವೈಸರ್. ಪ್ರತಿ ಮಂಗಳವಾರ ಕಂಪನಿಯ ವ್ಯಾನಿನಲ್ಲಿ ಸುತ್ತೂರಿನ ಮೇಲೆ ಬಂದು, ಶಿವಸ್ವಾಮಿಯವರ ಮೇಜಿನ ಮುಂದೆ ಚೀಟಿ ಹಿಡಿದು ನಿಲ್ಲುವವರು. ನಿಶ್ಚಿತಾರ್ಥಕ್ಕೆ ಮುಂಚೆ ಅವರೂ ಎಂಟು ಬೋಲ್ಟು, ಎರಡು ಬೈಗುಳ ತಗೊಂಡು ಹೋದವರೇ. ತಾಂಬೂಲ ಬದಲಾಯಿಸಿದ ಮೇಲೆ ಅವರು ಬೀಗರಾದರು.

ಬೀಗರೆಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಂದರೆ ಎದ್ದು ನಿಲ್ಲಬೇಕು, ನೀರು ಕೊಡಬೇಕು, ಅವರು ಕೂರುವವರೆಗೆ ಕೂರಬಾರದು. ಕೇಳಿದ್ದಕ್ಕೆ ಇಲ್ಲ ಅನ್ನಬಾರದು, ಬರಿಗೈಯಲ್ಲಿ ಕಳಿಸಲೇಬಾರದು. ಮನೆಯಾದರೆ ತೆಂಗಿನಕಾಯಿಯೋ ಬಾಳೆಗೊನೆಯೋ ಇರುತ್ತದೆ. ಸ್ಟೋರ್ಸಿನಲ್ಲಿ ಏನಿರುತ್ತದೆ? ಮೊದಲ ಮಂಗಳವಾರ ಶಿವಸ್ವಾಮಿ ತಮ್ಮ ಕುರ್ಚಿಯನ್ನೇ ಬೀಗರಿಗೆ ಕೊಟ್ಟು, ಟೀ ತರಿಸಿ, ಚೀಟಿ ನೋಡಿದರು. ಹತ್ತು ಬೋಲ್ಟು. ಬೀಗರಿಗೆ ಹತ್ತು ಬೋಲ್ಟು ಕೊಡುವುದೆಂದರೆ ಮದುವೆಮನೆಯಲ್ಲಿ ಒಂದೇ ಒಬ್ಬಟ್ಟು ಬಡಿಸಿದ ಹಾಗೆ. "ಇರ್ಲಿ ತಗಳಿ" ಅಂತ ಇಪ್ಪತ್ತು ಕೊಟ್ಟರು. ಜೊತೆಗೆ ಒಂದು ಕಟ್ಟು ಕೈಗವಸು, ಒಂದು ಡಬ್ಬ ಗ್ರೀಸು. ಎಲ್ಲವನ್ನೂ ನ್ಯಾಯವಾಗಿ ನರಸೀಪುರದ ಲೆಕ್ಕಕ್ಕೇ ಬರೆದರು. ಮನುಷ್ಯ ಪ್ರಾಮಾಣಿಕ, ಒಂದು ವಾಷರನ್ನೂ ಮನೆಗೆ ಒಯ್ದವರಲ್ಲ. ಸೋಮಶೇಖರ್ ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಕೈಮುಗಿದು ಎಲ್ಲ ಹೊತ್ತುಕೊಂಡು ಹೋದರು. ಬೀಗರು ಸಂತೋಷಪಟ್ಟರು ಅಂತ ಶಿವಸ್ವಾಮಿ ತಿಳಿದರು. ಮುಂದಿನ ಮಂಗಳವಾರ ಅದಕ್ಕಿಂತ ಕಮ್ಮಿ ಕೊಟ್ಟರೆ ಏನೆಂದುಕೊಂಡಾರು ಅಂತ ಇನ್ನೂ ಒಂದಿಷ್ಟು ಹೆಚ್ಚಿಗೆ ಕೊಟ್ಟರು.

ಹೀಗೆ ಮರ್ಯಾದೆ ಬೆಳೆಯುತ್ತಾ ಹೋಗಿ ಒಂದು ದಿನ ಲೆಕ್ಕಪತ್ರದ ವಿಭಾಗದ ಕಣ್ಣಿಗೆ ಬಿತ್ತು. ಮ್ಯಾನೇಜರು ಕರೆಸಿ ಕೇಳಿದರು, "ಏನ್ರೀ ಶಿವಸ್ವಾಮಿ, ಕೈಗವಸಿನ ಲೆಕ್ಕ ನೋಡಿದ್ರೆ ನರಸೀಪುರದವರಿಗೆಲ್ಲ ತಲಾ ನಾಲ್ಕು ಕೈ ಇರಬೇಕಲ್ಲ?" ಇನ್ನು ಚೀಟಿಗಿಂತ ಒಂದು ಹೆಚ್ಚು ಹೋದರೆ ಕುರ್ಚಿ ಬಿಡಬೇಕಾದೀತು ಅಂತಲೂ ಹೇಳಿದರು. ಶಿವಸ್ವಾಮಿ ಬೆವರೊರೆಸಿಕೊಂಡು ಹೊರಗೆ ಬಂದರು. ಕೊಟ್ಟರೆ ಕೆಲಸ ಹೋಗುತ್ತದೆ, ಕೊಡದಿದ್ದರೆ ಮಗಳ ಮದುವೆ ಮುರಿಯುತ್ತದೆ. ಸ್ಟೋರ್ಸಿನ ಸಹಾಯಕ ಚಲುವಯ್ಯ ಎಲ್ಲ ಕೇಳಿಸಿಕೊಂಡು, "ದಾಕ್ಷಿಣ್ಯಕ್ಕೆ ಬಸುರಾದ್ರ ಎರಕ್ಕ ಜಾಗ ಎಲ್ಲದ ಸಾ?" ಅಂದ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಆದರೆ ಕಷ್ಟ ಬಂದಾಗ ಎಂಥ ಮಂದಬುದ್ಧಿಗೂ ಒಂದು ಮಿಂಚು ಹೊಡೆಯುತ್ತದೆ. ಶಿವಸ್ವಾಮಿಗೆ ಸೋಮವಾರ ಹೊಡೆಯಿತು. ಯಂತ್ರಗಳು ಬಂದ ಪ್ಯಾಕಿಂಗ್ ಹಲಗೆಗಳು ಹಿಂದುಗಡೆ ಬಿದ್ದಿದ್ದವು. ಬಡಗಿಯನ್ನು ಕರೆಸಿ, ಮೇಜಿನ ಮುಂದೆ ಈ ಗೋಡೆಯಿಂದ ಆ ಗೋಡೆಗೆ, ನೆಲದಿಂದ ಸೂರಿಗೆ ಹಲಗೆ ಹೊಡೆಸಿಬಿಟ್ಟರು. ನಡುವೆ ಎದೆಯ ಮಟ್ಟಕ್ಕೆ ಒಂದು ಕಿಂಡಿ. ಅದರಲ್ಲಿ ಕೈ ಬರುತ್ತದೆ, ಮುಖ ಬರುವುದಿಲ್ಲ. ಇದ್ಯಾಕ ಅಂತ ಚಲುವಯ್ಯ ಕೇಳಿದ.

"ಮುಖ ಕಂಡ್ರ ಬೀಗ್ರು ಕಣೋ," ಅಂದರು ಶಿವಸ್ವಾಮಿ. "ಬರೀ ಕೈ ಕಂಡ್ರ ಡಿಪಾರ್ಟ್‌ಮೆಂಟು."

ತರ್ಕದಲ್ಲಿ ಎಲ್ಲಾದರೂ ತೂತಿದ್ದರೆ ಅದು ಆ ಕಿಂಡಿಯೊಂದೇ.

ಮಂಗಳವಾರ ಬಂತು. ಕಿಂಡಿಯಲ್ಲಿ ಒಂದು ಕೈ ಬಂತು. ಬೆರಳಲ್ಲಿ ನಿಶ್ಚಿತಾರ್ಥದ ದಿನ ತಾವೇ ತೊಡಿಸಿದ ಉಂಗುರ. ಶಿವಸ್ವಾಮಿ ತಮಗೇ ತಿಳಿಯದ ಹಾಗೆ ಎದ್ದು ನಿಂತು ಆ ಕೈಗೆ ನಮಸ್ಕಾರ ಮಾಡಿದರು. ಆದರೆ ಬಾಯಿ ಬಿಡಲಿಲ್ಲ, ಬಿಟ್ಟರೆ ದನಿಯ ಗುರುತು ಸಿಕ್ಕೀತು. ಚೀಟಿ ಓದಿ, ಹತ್ತು ಬೋಲ್ಟು ಎಣಿಸಿ, ಹತ್ತೇ ಬೋಲ್ಟನ್ನು ಆ ಕೈಯಲ್ಲಿಟ್ಟರು. ಕೈ ಒಂದು ಕ್ಷಣ ಹಾಗೇ ತೆರೆದುಕೊಂಡಿತ್ತು, ಇನ್ನೇನೋ ಬರುತ್ತದೆ ಅಂತ. ಬರಲಿಲ್ಲ. ಮೆಲ್ಲಗೆ ಮುಚ್ಚಿಕೊಂಡು ಹೊರಟುಹೋಯಿತು. ಶಿವಸ್ವಾಮಿ ಕುರ್ಚಿಯಲ್ಲಿ ಕುಸಿದು ಒಂದು ಲೋಟ ನೀರು ಕುಡಿದರು. ಕೆಲಸವೂ ಉಳಿಯಿತು, ಮದುವೆಯೂ ಉಳಿಯಿತು ಅಂದುಕೊಂಡರು.

ಸಂಜೆ ಮನೆಗೆ ಬಂದಾಗ ರಮ್ಯ ಮಹಡಿಯ ಮೇಲಿರಲಿಲ್ಲ. ನಡುಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು, ಫೋನು ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು. ಸಿದ್ದಲಿಂಗಮ್ಮ ಗಂಡ ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

"ಬೀಗ್ರು ಬಂದ್ರ ಮುಖವ ತೋರುಸ್ದೆ ಅಡ್ಡ ಗೋಡೆ ಆಕ್ಸುದ್ರಂತಲ್ಲ. ನರಸೀಪುರದಿಂದ ಬೀಗಿತ್ತಿ ಫೋನ್ ಮಾಡಿದ್ರು. ಮೂರ್ತ ಇಡ್ಸಕ್ಕ ಈ ವಾರ ಬತ್ತೀವಿ ಅಂದಿದ್ದೋರು, ಈಗ ಮುಂದ ನೋಡದ ಬುಡಿ ಅಂತವ್ರ."

ಬೀಗಿತ್ತಿ ಎಂದರೆ ಸೋಮಶೇಖರ್ ಅವರ ಹೆಂಡತಿ ಮಹದೇವಮ್ಮ. ಗಂಡ ವ್ಯಾನಿನಿಂದ ಇಳಿದು ಮನೆಗೆ ಬಂದು, ಈ ಸಲ ಬೀಗರ ಮುಖ ಕಾಣಲಿಲ್ಲ, ಹಲಗೆ ಹೊಡೆಸಿಕೊಂಡಿದ್ದಾರೆ ಅಂತ ಅಂದಿದ್ದರಂತೆ. ಅಷ್ಟೇ ಅಂದಿದ್ದು. ಉಳಿದದ್ದನ್ನು ಆಕೆಯೇ ಅರ್ಥ ಮಾಡಿಕೊಂಡಿದ್ದರು. ಇನ್ನು ಸಿದ್ದಲಿಂಗಮ್ಮನವರಾದರೂ ಸುಮ್ಮನಿರುವ ಪೈಕಿಯೇ? ಫೋನಿನಲ್ಲಿ ಎರಡು ಮಾತು ಅವರೂ ಆಡಿದ್ದರು. ಹೆಂಗಸರಿಬ್ಬರ ಮಾತು ಅಲ್ಲಿಗೆ ನಿಂತಿತ್ತು. ನಟೇಶ ಅಮ್ಮನಿಗೆ ಹೆದರಿ ಫೋನ್ ಮಾಡಿರಲಿಲ್ಲ.

"ಅಪ್ಪಾಜಿ, ನಿಮ್ ಸ್ಟೋರ್ಸಿಗೆ ಗೋಡೆ ಬೇಕಿತ್ತಾ?" ಅಂದಳು ರಮ್ಯ. ಅಳುವನ್ನು ತಡೆದುಕೊಂಡು ಕೇಳಿದಳು. ಶಿವಸ್ವಾಮಿ ಚಪ್ಪಲಿ ಬಿಟ್ಟು ಮಗಳ ಪಕ್ಕದಲ್ಲಿ ಕೂತರು. ಕೆಲಸ ಹೋದರೆ ಹೋಗಲಿ, ಬೆಳಿಗ್ಗೆ ಮೊದಲ ಕೆಲಸ ಆ ಹಲಗೆ ಕೀಳುವುದು ಅಂತ ತೀರ್ಮಾನಿಸಿದರು.

ಬುಧವಾರ ಬೆಳಿಗ್ಗೆ ಸುತ್ತಿಗೆ ಹಿಡಿದು ಸ್ಟೋರ್ಸಿಗೆ ಹೋದರೆ, ಹಲಗೆಯ ಮುಂದೆ ಪ್ರೇಮ್‌ಕುಮಾರ್ ನಿಂತು ಫೋಟೋ ತೆಗೆಯುತ್ತಿದ್ದರು. ಪ್ರೇಮ್‌ಕುಮಾರ್ ಕಂಪನಿಯ ಪರಿವರ್ತನಾ ಅಧಿಕಾರಿ. ಕವಲಂದೆಯ ಹುಡುಗ, ಮೈಸೂರಿನಲ್ಲಿ ಓದಿದವರು, ಶ್ರದ್ಧಾವಂತರು. ತಿಂಗಳುಗಟ್ಟಲೆ ಉಪ್ಪಿಟ್ಟಿನ ಚೀಟಿ ಓದಿ ಓದಿ ಸೊರಗಿದ್ದರು. ಆ ವರ್ಷ ಮುಗಿಯುವುದರೊಳಗೆ ಎಂ.ಡಿ. ಸಾಹೇಬರಿಗೆ ಒಂದಾದರೂ ಹೊಸತನ ತೋರಿಸದಿದ್ದರೆ ಅವರ ಗತಿಯೂ ಉಪ್ಪಿಟ್ಟಿನ ಗತಿಯೇ. ನಿನ್ನೆ ಸ್ಟೋರ್ಸಿನ ಮುಂದೆ ಹಾದುಹೋಗುವಾಗ ಅವರಿಗೆ ಒಂದು ವಿಚಿತ್ರ ಕಂಡಿತ್ತು. ಯಾವಾಗಲೂ ಜಾತ್ರೆಯ ಹಾಗಿರುತ್ತಿದ್ದ ಜಾಗದಲ್ಲಿ ಜನವೇ ಇರಲಿಲ್ಲ. ಬಂದವರು ಚೀಟಿ ಕೊಟ್ಟು ಸಾಮಾನು ತಗೊಂಡು ಹೋಗುತ್ತಿದ್ದರು. ಹರಟೆಯಿಲ್ಲ, ಟೀ ಇಲ್ಲ, ನಮ್ಮವರು ನಿಮ್ಮವರು ಇಲ್ಲ.

"ಸರ್, ಈ ಯೋಚನೆ ನಿಮಗೆ ಹೇಗೆ ಬಂತು?" ಅಂತ ಅವರು ಕೇಳಿದರು.

ಶಿವಸ್ವಾಮಿ ಸುತ್ತಿಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಮುಖ ಕಂಡ್ರೆ ದಾಕ್ಷಿಣ್ಯ ಬತ್ತದೆ ಸಾರ್," ಅಂದರು.

ಪ್ರೇಮ್‌ಕುಮಾರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎಷ್ಟು ದೊಡ್ಡ ದೊಡ್ಡ ಪುಸ್ತಕ ಓದಿದರೂ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ ಅಂದರು. ಸುತ್ತಿಗೆ ಕಂಡು, ಇಷ್ಟಾದರೂ ಇನ್ನೂ ಸುಧಾರಣೆ ಮಾಡಲು ಹೊರಟಿದ್ದೀರಲ್ಲ ಅಂತ ಅದಕ್ಕೂ ಒಂದು ಫೋಟೋ ತೆಗೆದರು. ಹಲಗೆಗೆ ಒಂದು ಮೊಳೆ ತಾಗಿಸಬಾರದು, ಇದು ಇನ್ನು ಕಂಪನಿಯ ಆಸ್ತಿ ಅಂತ ಕಟ್ಟುನಿಟ್ಟು ಮಾಡಿ ಹೋದರು.

ಮಧ್ಯಾಹ್ನದ ಹೊತ್ತಿಗೆ ‘ಮುಖರಹಿತ ಸ್ಟೋರ್ಸ್’ ಅಂತ ನಾಮಕರಣವಾಗಿ ಎಂ.ಡಿ. ಸಾಹೇಬರವರೆಗೆ ಹೋಯಿತು. ಬಂದು ಕೈ ಕುಲುಕದ ಅಧಿಕಾರಿಯಿಲ್ಲ. ಕೈ ಕುಲುಕುವುದಕ್ಕೂ ಅವರು ಕಿಂಡಿಯಲ್ಲೇ ಕೈ ಹಾಕಿದರು, ಪದ್ಧತಿ ಕೆಡಬಾರದು ಅಂತ. ಕಾರ್ಮಿಕರಲ್ಲಿ ಮಾತ್ರ ಅಸಮಾಧಾನವಿತ್ತು. ಕರೆಂಟ್ ವಿಭಾಗದ ಬಸವಣ್ಣನಿಗೆ ಮುಖ ನೋಡಿ ಬೈಸಿಕೊಳ್ಳದೆ ಬಲ್ಬು ತಗೊಂಡು ಅಭ್ಯಾಸವಿರಲಿಲ್ಲ. "ಒಳಗ ಇದ್ದೀರಾ ಸಾ?" ಅಂತ ತಲೆಯನ್ನೇ ತೂರಿಸಲು ಹೋಗಿ, ಕಿವಿಯವರೆಗೆ ತೂರಿಸಿ, ಅಲ್ಲೇ ಸಿಕ್ಕಿಕೊಂಡ. ಚಲುವಯ್ಯ ಗ್ರೀಸ್ ಹಚ್ಚಿ ಬಿಡಿಸಿದ. ಹೊಸತನಕ್ಕೆ ಇಂಥ ಆರಂಭಿಕ ಪ್ರತಿರೋಧ ಸಹಜ ಅಂತ ಪ್ರೇಮ್‌ಕುಮಾರ್ ಎಲ್ಲರಿಗೂ ಸಮಾಧಾನ ಹೇಳಿದರು. ಬಸವಣ್ಣನ ಕಿವಿಗೆ ಆ ಸಮಾಧಾನ ಸಾಲಲಿಲ್ಲ.

ಶುಕ್ರವಾರ ಆಜ್ಞೆ ಬಂತು. ಎಲ್ಲ ಘಟಕಗಳಲ್ಲೂ ಇಂಥ ಕಿಂಡಿ ಆಗಬೇಕು. ಮೊದಲು ನರಸೀಪುರದಲ್ಲಿ. ಸೋಮವಾರ ಅಲ್ಲಿ ಎಂ.ಡಿ. ಸಾಹೇಬರ ಎದುರು ಸಭೆ, ಶಿವಸ್ವಾಮಿಯವರೇ ವೇದಿಕೆ ಮೇಲೆ ನಿಂತು ಈ ಆಲೋಚನೆಯ ಮೂಲವನ್ನು ವಿವರಿಸಬೇಕು.

ಆಲೋಚನೆಯ ಮೂಲ ಮುಂದಿನ ಸಾಲಿನಲ್ಲೇ ಕೂತಿರುತ್ತದೆ ಅಂತ ಶಿವಸ್ವಾಮಿಗೆ ಗೊತ್ತಿತ್ತು. ಎರಡು ದಿನ ಅನ್ನ ಸೇರಲಿಲ್ಲ. ಹೊರಡುವಾಗ ಸಿದ್ದಲಿಂಗಮ್ಮ ಬಾಗಿಲಲ್ಲಿ ನಿಂತು, ಸಂಬಂಧ ಸರಿ ಮಾಡಿಕೊಂಡು ಬರುವುದಾದರೆ ಬನ್ನಿ, ಇಲ್ಲದಿದ್ದರೆ ಅಲ್ಲೇ ಎಲ್ಲಾದರೂ ಒಂದು ಕಿಂಡಿ ನೋಡಿಕೊಂಡು ಇದ್ದುಬಿಡಿ ಅಂದರು.

ನರಸೀಪುರದ ಘಟಕದಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಕಂಪನಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು ಸೋಮಶೇಖರ್ ಕೂತಿದ್ದರು. ಇವರ ಕಡೆ ನೋಡಲಿಲ್ಲ. ಪ್ರೇಮ್‌ಕುಮಾರ್ ಬರೆದುಕೊಟ್ಟಿದ್ದ ಭಾಷಣವನ್ನು ಶಿವಸ್ವಾಮಿ ಓದತೊಡಗಿದರು. ಪಾರದರ್ಶಕತೆ ಅನ್ನುವ ಮಾತು ಬಂದ ಕಡೆ ನಾಲಿಗೆ ತೊಡರಿತು. ಹಲಗೆ ಹೊಡೆದು ಮುಚ್ಚಿದ್ದಕ್ಕೆ ಪಾರದರ್ಶಕತೆ ಹೇಗಾಯಿತು ಅಂತ ಅವರಿಗೇ ಅನುಮಾನ ಬಂತು. ಆಗ ಎಂ.ಡಿ. ಸಾಹೇಬರು ನಡುವೆಯೇ ಕೈಯೆತ್ತಿ, ಓದುವುದು ಬೇಡ, ಮನಸ್ಸಿನಿಂದ ಹೇಳಿ, ಯಾವ ಸಮಸ್ಯೆ ಕಂಡು ಇದನ್ನು ಮಾಡಿದಿರಿ ಅಂತ ಕೇಳಿದರು. ಶಿವಸ್ವಾಮಿ ಮುಂದಿನ ಸಾಲು ನೋಡಿದರು. ಬೀಗರ ಎದುರು ಸುಳ್ಳು ಹೇಳುವುದು ಅವರಿಂದ ಆಗಲಿಲ್ಲ.

"ಇವ್ರೇ ಸಾರ್, ನಮ್ ಬೀಗ್ರು," ಅಂತ ಸೋಮಶೇಖರ್ ಕಡೆಗೆ ಎರಡು ಕೈಯನ್ನೂ ಚಾಚಿ ತೋರಿಸಿದರು. ಬೆರಳು ಮಾಡಿ ತೋರಿಸಿದರೆ ಮರ್ಯಾದೆಯಲ್ಲ. "ಇವ್ರ ಮುಖ ಕಂಡ್ರ ನಂಗೆ ಇಲ್ಲ ಅನ್ನಕ್ಕ ಬಾಯಿ ಬರಲ್ಲ. ಅತ್ತು ಬೋಲ್ಟು ಕೇಳುದ್ರ ಮೂವತ್ತು ಕೊಟ್ಬುಡ್ತೀನಿ. ಅದ್ಕೆ ಮುಖ ಕಾಣ್ದಂಗೆ ಅಲಗೆ ಒಡಿಸ್ದೆ. ತಪ್ಪಾಯ್ತು ಬೀಗ್ರೇ."

ಪ್ರೇಮ್‌ಕುಮಾರ್ ಮುಖ ಬಿಳಿಚಿಕೊಂಡಿತು. ಸೋಮಶೇಖರ್ ಎದ್ದರು. ಅಂಗಿ ಸರಿಮಾಡಿಕೊಂಡು, ಸಾಹೇಬರಿಗೆ ಕೈಮುಗಿದು, ಎಲ್ಲರೂ ಒಂದು ಗಳಿಗೆ ತಮ್ಮ ಜೊತೆ ಬರಬೇಕು ಅಂತ ಕೇಳಿಕೊಂಡರು. ಘಟಕದ ಹಿಂದುಗಡೆ ಹಳೆಯ ಜನರೇಟರ್ ಇಟ್ಟಿದ್ದ ಶೆಡ್ಡಿನ ಬೀಗ ತೆಗೆದು ಬಾಗಿಲು ತಳ್ಳಿದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೋಲ್ಟಿನ ಚೀಲಗಳು, ಬೇರಿಂಗಿನ ಪೆಟ್ಟಿಗೆಗಳು, ಸೂರು ಮುಟ್ಟುವ ಹಾಗೆ ಪೇರಿಸಿದ ಗ್ರೀಸ್ ಡಬ್ಬಗಳು, ಕೈಗವಸಿನ ಕಟ್ಟುಗಳು. ಒಂದನ್ನೂ ಬಿಚ್ಚಿರಲಿಲ್ಲ.

"ನಮ್ಗೆ ಬೇಕಾದ್ದು ಅತ್ತೇ ಬೋಲ್ಟು ಸಾ," ಅಂದರು ಸೋಮಶೇಖರ್. "ಆದ್ರ ಬೀಗ್ರು ಕೈಯೆತ್ತಿ ಕೊಟ್ಟದ್ದ ಬ್ಯಾಡ ಅನ್ನಕಾಯ್ತದಾ? ಮಂಗಳವಾರ ಬಂದ್ರ ನಂಗೆ ಎದೆ ಡವಡವ ಅಂತಿತ್ತು, ಇವತ್ತೇನ್ ಕೊಟ್ಟಾರು, ಎಲ್ಲಿ ಇಡ್ಲಿ ಅಂತ. ಆ ಕಿಂಡಿ ನೋಡ್ದಾಗ್ಲೇ ನಾನು ಬದುಕ್ದೆ."

ಹಾಗೆ ಹೇಳಿ ಶಿವಸ್ವಾಮಿಯವರ ಕೈ ಹಿಡಿದುಕೊಂಡರು. ಇಬ್ಬರಿಗೂ ಕಣ್ಣು ತುಂಬಿತು. ಒಬ್ಬರನ್ನೊಬ್ಬರು ಸಂತೋಷಪಡಿಸಲು ಇಷ್ಟು ದಿನ ಇಬ್ಬರೂ ಪಟ್ಟ ಕಷ್ಟ ನೆನೆದರೆ ಯಾರಿಗಾದರೂ ತುಂಬೀತು.

ಎಂ.ಡಿ. ಸಾಹೇಬರು ಒಂದು ಗ್ರೀಸ್ ಡಬ್ಬ ಎತ್ತಿ ಅದರ ಮುಚ್ಚಳ ನೋಡಿದರು. ಆಮೇಲೆ ಪ್ರೇಮ್‌ಕುಮಾರ್ ಕಡೆ ತಿರುಗಿ ಮೆಲ್ಲಗೆ, "ನಮ್ಮ ಕಂಪನಿಯಲ್ಲಿ ಇನ್ನೂ ಎಷ್ಟು ಜನ ಬೀಗರಿದ್ದಾರೆ?" ಅಂತ ಕೇಳಿದರು. ಕಿಂಡಿ ಎಲ್ಲ ಕಡೆ ಆಗಲೇಬೇಕು, ಇನ್ನೂ ಬೇಗ ಆಗಬೇಕು ಅಂದರು. ರಾಶಿಯನ್ನು ಬೇರೆ ಘಟಕಗಳಿಗೆ ಹಂಚಿದರೆ ವರ್ಷವಿಡೀ ಕೊಳ್ಳುವುದೇ ಬೇಡ ಅಂತ ಲೆಕ್ಕ ಹಾಕಿ, ಅದನ್ನೂ ಒಂದು ಹೊಸತನ ಅಂತ ಬರೆದುಕೊಳ್ಳಲು ಹೇಳಿದರು. ಪ್ರೇಮ್‌ಕುಮಾರ್‌ಗೆ ಹೋದ ಜೀವ ಬಂತು. ಒಂದು ಕೇಳಿದ್ದಕ್ಕೆ ಎರಡು ಸಿಕ್ಕಿತ್ತು.

ಬೀಗರ ಊರಿಗೆ ಬಂದು ಬೀಗರ ಮನೆಯಲ್ಲಿ ಉಣ್ಣದೆ ಹೋಗುವ ಹಾಗಿಲ್ಲ. ಸೋಮಶೇಖರ್ ಕೈಹಿಡಿದೇ ಕರೆದುಕೊಂಡು ಹೋದರು. ಹೊಳೆಯ ದಿಕ್ಕಿನ ಗಾಳಿ ಬೀಸುವ ಚೊಕ್ಕ ಮನೆ. ಮಹದೇವಮ್ಮ ಬಾಗಿಲಲ್ಲಿ ನೀರಿಟ್ಟು ಒಳಗೆ ಹೋದರು. ಎಲೆ ಹಾಕಿ ಅನ್ನ, ಸಾರು, ಮಜ್ಜಿಗೆ ಬಡಿಸಿದರು. ಬೀಗರ ಎಲೆಗೆ ಸಿಹಿಯಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಶಿವಸ್ವಾಮಿ ತುತ್ತು ಕಲಸಿದರೇ ಹೊರತು ಬಾಯಿಗಿಡಲಿಲ್ಲ. ಸಂಬಂಧ ಗಂಡಸರಲ್ಲಿ ಸರಿಹೋಗಿತ್ತು. ಮದುವೆ ನಡೆಯುವುದು ಗಂಡಸರಿಂದಲ್ಲ ಅಂತ ಅವರಿಗೆ ಗೊತ್ತಿತ್ತು.

ಸೋಮಶೇಖರ್ ಮಾತ್ರ ಎಂ.ಡಿ. ಸಾಹೇಬರು ಬೆನ್ನು ತಟ್ಟಿದ ಹುಮ್ಮಸ್ಸಿನಲ್ಲಿದ್ದರು. ಹೆಂಡತಿಯನ್ನು ಕರೆದು ನಡೆದದ್ದನ್ನೆಲ್ಲ ಹೇಳಿ, ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಕಂಪ್ನಿನೇ ಬದಲಾಯ್ತು, ನಾವೂ ಬದಲಾಗ್ಬೇಕು ಕಣೆ," ಅಂದರು. "ನಾನೂ ಬೀಗ್ರೂ ಮಾತಾಡ್ಕೊಂಡೀವಿ. ಮದ್ವೇಲಿ ಬೀಗ್ರ ಉಪಚಾರ ಬ್ಯಾಡ. ಬೀಗ್ರಿಗೆ ಬಟ್ಟೆ ಬ್ಯಾಡ, ಬೀಗಿತ್ತೀರ್ಗೆ ಸೀರೆ ಬ್ಯಾಡ, ಕಾಲ್ಗೆ ನೀರು ಕೊಡದು ಬ್ಯಾಡ. ಎಲ್ರೂ ಸಾಲಲ್ಲಿ ನಿಂತ್ಕೊಂಡು ಊಟ ಮಾಡದು."

ಇಂಥ ಮಾತುಕತೆ ನಡೆದದ್ದು ಶಿವಸ್ವಾಮಿಗೆ ನೆನಪಿರಲಿಲ್ಲ. ಆದರೆ ಬೀಗರ ಮಾತಿಗೆ ಇಲ್ಲ ಅನ್ನುವುದು ಹೇಗೆ? ಹೂಂ ಅಂದರು.

ಮಹದೇವಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. ಒಂದು ಸಲ ಗಂಡನನ್ನು, ಒಂದು ಸಲ ಬೀಗರನ್ನು ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದು ನಂಜನಗೂಡಿಗೆ ಮಾಡಿದರು.

"ಬೀಗಿತ್ತೀ, ಕೇಳ್ಸ್ಕತಿದ್ದೀರಾ? ನಿಮ್ ಯಜಮಾನ್ರೂ ನಮ್ ಯಜಮಾನ್ರೂ ಸೇರ್ಕೊಂಡು ಏನ್ ತೀರ್ಮಾನ ಮಾಡವ್ರ ಅಂತ?"

ಆ ಕಡೆಯಿಂದ ಸಿದ್ದಲಿಂಗಮ್ಮನವರ ದನಿ ನಡುಮನೆಯವರೆಗೂ ಕೇಳಿಸಿತು. ಸೀರೆ ಬೇಡವೆನ್ನಲು ಈ ಗಂಡಸರ್ಯಾರು ಅಂತ ಕೇಳಿದರು. ಅದನ್ನೇ ನಾನೂ ಕೇಳ್ತೀನಿ ಅಂದರು ಮಹದೇವಮ್ಮ. ಇವರನ್ನು ಹೀಗೇ ಬಿಟ್ಟರೆ ತಾಳಿಯನ್ನೂ ಕಿಂಡಿಯಲ್ಲಿ ಕಟ್ಟಿಸಿಯಾರು ಅಂದರು ಅವರು. ಹೌದು ಬೀಗಿತ್ತೀ, ತಡ ಮಾಡಬಾರದು ಅಂದರು ಇವರು. ಕ್ಯಾಲೆಂಡರ್ ಬಂತು. ಯಾವ ಸೋಮವಾರ, ಯಾವ ಛತ್ರ, ಯಾರಿಗೆ ಎಂಥ ಸೀರೆ, ಬೀಗರ ಪಂಕ್ತಿಗೆ ಎಷ್ಟು ಬಗೆ ಅಂತ ಗಂಟೆಗಟ್ಟಲೆ ನಡೆಯಿತು. ನಡುವೆ ಒಮ್ಮೆ ಮಹದೇವಮ್ಮ ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡು ಒಳಗೆ ಹೋಗಿ, ಮುಚ್ಚಿಟ್ಟಿದ್ದ ಒಬ್ಬಟ್ಟು ತಂದು ಶಿವಸ್ವಾಮಿಯವರ ಎಲೆಗೆ ಮೂರು ಬಡಿಸಿ ತುಪ್ಪ ಹಾಕಿದರು. ಸಾಕು ಅನ್ನುವುದರೊಳಗೆ ಇನ್ನೊಂದು ಬಿತ್ತು.

ಉಪ್ಪಿಟ್ಟಿನ ಚೀಟಿಗಳನ್ನು ಬಿಟ್ಟರೆ, ಆ ವರ್ಷ ಜಾರಿಯಾಗದೆ ತಿರಸ್ಕಾರವಾದ ಹೊಸ ಆಲೋಚನೆ ಸೋಮಶೇಖರ್ ಅವರ ಅದೊಂದೇ. ರಮ್ಯಳ ಮದುವೆ ಆದದ್ದು ಅದರಿಂದಲೇ.